ಮಾನಸಿಕ ಕಾಯಿಲೆಯ ಚಿಕಿತ್ಸೆ: ಎರಡನೇ ತಿಂಗಳಲ್ಲಿ ದಾರಿ ತಪ್ಪದಿರಲು

ಮಾನಸಿಕ ಕಾಯಿಲೆ ಬಗ್ಗೆ ನಮ್ಮ ಕಡೆ ಯಾರೇ ಭಾಷಣ ಮಾಡಲಿ, ಮೊದಲು ಹಿಡಿಯುವುದು ದೆವ್ವ, ಮಾಟ, ತಾಯತಗಳನ್ನೇ. ಅವು ಇಲ್ಲವೆಂದಲ್ಲ. ಆದರೆ ರಾಯಚೂರಿನ ರಿಮ್ಸ್‌ನಲ್ಲೋ ಕೊಪ್ಪಳದ ಕಿಮ್ಸ್‌ನಲ್ಲೋ ಮನೋರೋಗ ವಿಭಾಗದ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ. ಹುಲಿಗೆಮ್ಮನ ಕುಂಕುಮ ಹಣೆಗೆ ಹಚ್ಚಿಕೊಂಡವರೇ ಕೈಯಲ್ಲಿ ಆಸ್ಪತ್ರೆ ಚೀಟಿ ಹಿಡಿದು ಪಾಳಿ ಕಾಯುತ್ತಿರುತ್ತಾರೆ. ಜನ ಡಾಕ್ಟರ ತನಕ ಬರುತ್ತಿದ್ದಾರೆ. ಕೆಡುತ್ತಿರುವುದು ಆಮೇಲೆ. ಮೊದಲ ತಿಂಗಳು ಗುಳಿಗೆ ನುಂಗಿ ನಿದ್ದೆ ಸರಿಹೋಯಿತು, ಮಾತು ಸರಿಹೋಯಿತು ಅನ್ನುವಷ್ಟರಲ್ಲಿ ಮನೆಯಲ್ಲಿ ಯಾರೋ ಒಬ್ಬರು ಅನ್ನುತ್ತಾರೆ: "ಈಗ ಆರಾಮ ಅದಾನಲ್ಲ, ಇನ್ನ ಗುಳಿಗಿ ಯಾಕ? ಚಟ ಆಗ್ತದ, ಬಿಡಿಸ್ರಿ." ನನ್ನ ಮಟ್ಟಿಗೆ ಈ ಮಾತಿನಷ್ಟು ಹಾನಿಯನ್ನು ಮಂತ್ರವಾದಿಗಳೂ ಮಾಡುತ್ತಿಲ್ಲ. ಹಾಗಾಗಿ ಈ ಬರಹದ ಒಂದು ದೊಡ್ಡ ಭಾಗ ಗುಳಿಗೆಯ ಬಗ್ಗೆಯೇ ಇದೆ.

ಮೊದಲ ಹೆಜ್ಜೆ: ಇದು ಮೈಯ ಕಾಯಿಲೆಯೋ, ಮನಸ್ಸಿನದೋ?

ನಿನ್ನೆ ತನಕ ಚೆನ್ನಾಗಿದ್ದ ಅಜ್ಜ ಇವತ್ತು ಮೊಮ್ಮಗನ ಗುರುತು ಹಿಡಿಯುತ್ತಿಲ್ಲ, ಹಗಲೋ ರಾತ್ರಿಯೋ ತಿಳಿಯುತ್ತಿಲ್ಲ, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಾನೆ ಅಂದರೆ ಅದು "ತಲಿ ಕೆಟ್ಟಿದ್ದಲ್ಲ". ಒಂದೆರಡು ದಿನದಲ್ಲಿ ಹೀಗೆ ಎಚ್ಚರ ತಪ್ಪಿದಂತಾಗುವುದರ ಹಿಂದೆ ಬಹುತೇಕ ದೇಹದ ತೊಂದರೆಯೇ ಇರುತ್ತದೆ: ಜ್ವರ, ಮೂತ್ರದ ಸೋಂಕು, ಸಕ್ಕರೆ ಅಥವಾ ಸೋಡಿಯಂ ಇಳಿದದ್ದು, ತಲೆಗೆ ಬಿದ್ದ ಪೆಟ್ಟು, ಲಕ್ವ. ಇಂಥವರನ್ನು ಮನೋವೈದ್ಯರ ಹತ್ತಿರ ಅಲ್ಲ, ನೇರವಾಗಿ ತುರ್ತು ವಿಭಾಗಕ್ಕೆ ಒಯ್ಯಬೇಕು. 108ಕ್ಕೆ ಫೋನ್ ಮಾಡಿ.

ಕುಡಿತ ಬಿಟ್ಟ ಮೇಲೆ ಆಗುವುದೂ ಇದೇ ಸಾಲಿನದು. ದಿನಾ ಕುಡಿಯುವವನು ಹರಕೆ ಹೊತ್ತು, ಮಾಲೆ ಹಾಕಿ ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈನಡುಕ, ಬೆವರು, ಫಿಟ್ಸ್, ಮೈಮೇಲೆ ಹುಳ ಹರಿದಂತೆ ಕಾಣುವುದು ಶುರುವಾಗಬಹುದು. ರಾಯಚೂರು ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ರೂಪವಿದೆ: ಸಿ.ಎಚ್. ಪೌಡರ್ ಬೆರೆಸಿದ ಸೇಂದಿ. ಆ ಪುಡಿ ಕ್ಲೋರಾಲ್ ಹೈಡ್ರೇಟ್, ಅಮಲು ಬರಿಸುವ ರಾಸಾಯನಿಕ. ಕೆಲವೆಡೆ ನಿದ್ದೆ ಗುಳಿಗೆಯ ಪುಡಿಯನ್ನೂ ಬೆರೆಸುತ್ತಾರೆ. ಅಬಕಾರಿಯವರು ದಾಳಿ ಮಾಡಿ ಸೇಂದಿ ಸಿಗದೇ ಹೋದಾಗ, ವರ್ಷಗಟ್ಟಲೆ ಕುಡಿದವರು ಒದ್ದಾಡುತ್ತಾರೆ, ಏನೇನೋ ಮಾತಾಡುತ್ತಾರೆ, ಫಿಟ್ಸ್ ಬಂದು ಬೀಳುತ್ತಾರೆ. ಮನೆಯವರು "ಗಾಳಿ ಸೋಕ್ಯದ" ಅಂತ ನಿಂಬೆಹಣ್ಣು ಕೊಯ್ಯುತ್ತಾರೆ. ಇದು ಜೀವಕ್ಕೆ ಅಪಾಯ, ಅದೇ ರಾತ್ರಿ ಆಸ್ಪತ್ರೆ ಸೇರಬೇಕು. ಡಾಕ್ಟರಿಗೆ ಸೇಂದಿ ಕುಡಿಯುತ್ತಿದ್ದುದನ್ನು ಮುಚ್ಚಿಡಬೇಡಿ, ಅದು ಗೊತ್ತಿದ್ದರೆ ಮಾತ್ರ ಸರಿಯಾದ ಔಷಧ ಕೊಡಲು ಆಗುತ್ತದೆ.

ಹೆರಿಗೆಯಾದ ಮೊದಲ ಎರಡು ಮೂರು ವಾರದಲ್ಲಿ ನಿದ್ದೆಯನ್ನೇ ಬಿಟ್ಟು, "ಇದು ನನ್ನ ಕೂಸಲ್ಲ" ಎಂದೋ, ಕೂಸಿನ ಬಗ್ಗೆ ವಿಚಿತ್ರ ಮಾತನ್ನೋ ಆಡುವ ಬಾಣಂತಿಯನ್ನೂ ಅದೇ ದಿನ ತೋರಿಸಬೇಕು. ಹಳಬರು ಬಾಣಂತಿ ಸನ್ನಿ ಅಂತ ಕರೆದದ್ದು ಇದನ್ನೇ. ಕತ್ತಲ ಕೋಣೆ, ಬೆಳ್ಳುಳ್ಳಿ ಹೊಗೆ ಇದಕ್ಕೆ ಮದ್ದಲ್ಲ. ತಾಯಿ-ಮಗು ಇಬ್ಬರಿಗೂ ಅಪಾಯವಿರುತ್ತದೆ, ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಗುಣವಾಗುತ್ತದೆ. ಅಲ್ಲಿಯ ತನಕ ಕೂಸಿನ ಜೊತೆ ಆಕೆಯನ್ನು ಒಬ್ಬಳನ್ನೇ ಬಿಡಬೇಡಿ.

ಎರಡನೇ ಹೆಜ್ಜೆ: ಒಂದು ಹಾಳೆಯಲ್ಲಿ ಬರೆಯಿರಿ

"ತಲಿ ಕೆಟ್ಟದ್ರಿ" ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದುಕೊಂಡು ಹೋಗಿ: "ಯುಗಾದಿ ಆದಮ್ಯಾಲ ರಾತ್ರಿ ಎರಡಕ್ಕ ಎದ್ದು ಕೂಡ್ತಾನ. ಹೊಲಕ್ಕ ಹೋಗೋದು ಬಿಟ್ಟಾನ. ಓಣ್ಯಾಗಿನ ಮಂದಿ ತನ್ನ ಬಗ್ಗೆನ ಮಾತಾಡ್ತಾರ ಅಂತಾನ. ಒಬ್ಬನ ನಗ್ತಾನ." ಭಾಷೆ ಚೆಂದ ಇರಬೇಕಿಲ್ಲ. ಯಾವಾಗ ಶುರು, ನಿದ್ದೆ ಎಷ್ಟು, ಊಟ ಎಷ್ಟು, ಮೊದಲು ಹೇಗಿದ್ದ, ಈಗ ಏನು ಬದಲಾಗಿದೆ, ಕುಡಿತ-ಗುಟ್ಕಾ-ಸೇಂದಿ ಉಂಟೇ, ಫಿಟ್ಸ್ ಬಂದಿತ್ತೇ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ, ಸಾಯುವ ಮಾತಾಡಿದ್ದುಂಟೇ ಎಂಬಿಷ್ಟು ಇದ್ದರೆ ಸಾಕು. ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಖಾಲಿ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ.

ಹೆಂಗಸರ ವಿಷಯದಲ್ಲಿ ಒಂದು ಮಾತು. ಖಿನ್ನತೆ ನಮ್ಮಲ್ಲಿ "ಬೇಸರ" ಅಂತ ಹೇಳಿಕೊಂಡು ಬರುವುದು ಕಡಿಮೆ. ಎದಿ ಝಲ್ ಅಂತದ, ಮೈಯೆಲ್ಲ ಉರಿ, ತಲಿ ಭಾರ, ಕೈಕಾಲು ಸೋತು ಬರ್ತಾವ ಅಂತಲೇ ಬರುತ್ತದೆ. ಇಸಿಜಿ, ಸ್ಕ್ಯಾನ್, ಗ್ಯಾಸಿನ ಗುಳಿಗೆ, ಗ್ಲೂಕೋಸ್ ಬಾಟಲಿ ಎಂದು ಸಾವಿರಾರು ರೂಪಾಯಿ ಖರ್ಚಾದ ಮೇಲೆ "ಏನೂ ಇಲ್ಲ, ಸುಮ್ನ ನಾಟಕ" ಎಂಬ ತೀರ್ಪು ಬರುತ್ತದೆ. ಆಕೆಗೆ ನೋವಿರುವುದು ನಿಜ. ಥೈರಾಯ್ಡ್, ರಕ್ತಹೀನತೆ, ಬಿ12 ಇವಿಷ್ಟನ್ನು ಒಮ್ಮೆ ನೋಡಿಸಿ, ಎಲ್ಲ ಸರಿ ಇದ್ದರೆ ಮನೋವೈದ್ಯರ ಹತ್ತಿರ ಹೋಗಲು ತಡ ಮಾಡಬೇಡಿ.

ಮೂರನೇ ಹೆಜ್ಜೆ: ಎಲ್ಲಿಗೆ ಹೋಗುವುದು?

ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು ಎಂಬುದು ದೊಡ್ಡ ತಪ್ಪು ಕಲ್ಪನೆ. ದೂರದ ಆಸ್ಪತ್ರೆಗೆ ಸಾಲ ಮಾಡಿ ಒಮ್ಮೆ ಹೋಗಬಹುದು, ತಿಂಗಳು ತಿಂಗಳು ಹೋಗಲಾಗದು. ಈ ಕಾಯಿಲೆಗೆ ಬೇಕಾದದ್ದು ತಿಂಗಳು ತಿಂಗಳ ಭೇಟಿಯೇ. ಮಜಾ ಏನೆಂದರೆ, ಮನೋವೈದ್ಯಕೀಯವನ್ನು ಹಳ್ಳಿಗೆ ಒಯ್ಯಬಹುದು ಎಂದು ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆಗಿನ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಗಳನ್ನಿಟ್ಟು ಪ್ರಯೋಗ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ತಜ್ಞರು ಇವತ್ತಿಗೂ ಅದನ್ನು ಬಳ್ಳಾರಿ ಮಾದರಿ ಎನ್ನುತ್ತಾರೆ. ಬಳ್ಳಾರಿಯವರಿಗೇ ಗೊತ್ತಿಲ್ಲ, ಅದು ಬೇರೆ ಮಾತು.

ಈಗಿನ ದಾರಿ ಇಷ್ಟು. ರಿಮ್ಸ್, ಕಿಮ್ಸ್, ಹಿಂದೆ ವಿಮ್ಸ್ ಎನ್ನುತ್ತಿದ್ದ ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇವುಗಳಲ್ಲಿ ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಹೊರಡಿ, ಇಲ್ಲದಿದ್ದರೆ ಬಸ್ ಚಾರ್ಜ್ ದಂಡ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಕೊಪ್ಪಳ ಕಡೆಯವರಿಗೆ ಗದಗ, ಹುಬ್ಬಳ್ಳಿ ಮೇಲೆ ರೈಲಿಗೆ ಹೋಗಿಬರಲು ಅದೇ ಸಲೀಸು. ಯಾರ ಮುಂದೆ ಹೇಳಬೇಕೆಂದು ತಿಳಿಯದವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಿಂದ ಇರುವ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರ ಕೋಣೆಯಲ್ಲಿ "ಬರೀ ಮಾತಾಡಿಸಿ ಚೀಟಿ ಬರದ್ರು, ಸ್ಕ್ಯಾನೂ ಇಲ್ಲ ಏನೂ ಇಲ್ಲ" ಎಂದು ಬೇಸರ ಮಾಡಿಕೊಳ್ಳಬೇಡಿ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಇಲ್ಲದ ಅನುಮಾನ ಕಾಡುವ ಕಾಯಿಲೆ), ಖಿನ್ನತೆ, ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಉಬ್ಬಿ, ಒಮ್ಮೆ ಕುಗ್ಗುವ) ಕಾಯಿಲೆಗಳನ್ನು ತೋರಿಸುವ ಸ್ಕ್ಯಾನ್ ಇಲ್ಲ. ಬೇರೆ ಕಾಯಿಲೆಯ ಅನುಮಾನವಿದ್ದರೆ ಮಾತ್ರ ಸ್ಕ್ಯಾನ್ ಬರೆಯುತ್ತಾರೆ. ಮಾತೇ ಅಲ್ಲಿನ ಪರೀಕ್ಷೆ.

ನಾಲ್ಕನೇ ಹೆಜ್ಜೆ: ಗುಳಿಗೆ

"ಎಲ್ಲಾ ನಿದ್ದಿ ಗುಳಿಗಿನ ಕೊಡ್ತಾರ" ಎನ್ನುವುದು ಮೊದಲ ತಪ್ಪು. ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್ ತರಹದ ಕೆಲವು ಗುಳಿಗೆಗಳು ನಿಜಕ್ಕೂ ಚಟವಾಗುತ್ತವೆ. ಅದಕ್ಕೇ ಡಾಕ್ಟರು ಅವನ್ನು ಬಹುತೇಕ ಕೆಲವೇ ವಾರಕ್ಕೆ ಬರೆಯುತ್ತಾರೆ, ಅಂಗಡಿಯವರು ಚೀಟಿ ಇಲ್ಲದೆ ಕೊಡುವಂತಿಲ್ಲ. ತಮಾಷೆ ನೋಡಿ, ಜನ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವುದು ಇವನ್ನೇ, ಹೆದರಿ ಬಿಡುವುದು ಚಟವಾಗದ ಗುಳಿಗೆಗಳನ್ನು. ಖಿನ್ನತೆಯ ಗುಳಿಗೆ, ಸ್ಕಿಜೋಫ್ರೇನಿಯಾದ ಗುಳಿಗೆ ಇವಕ್ಕೆ ನಶೆ ಇಲ್ಲ, ದಿನದಿನಕ್ಕೆ ಹೆಚ್ಚು ಬೇಕೆನಿಸುವುದಿಲ್ಲ. ಹೌದು, ಖಿನ್ನತೆಯ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಿದರೆ ತಲೆ ತಿರುಗುವುದು, ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು ಉಂಟು. ಅದನ್ನು ನೋಡಿಯೇ "ಚಟ ಹತ್ಯದ" ಅನ್ನುತ್ತಾರೆ. ಅದು ಚಟವಲ್ಲ, ನಿಧಾನವಾಗಿ ಇಳಿಸದೆ ನಿಲ್ಲಿಸಿದ್ದರ ಫಲ.

ಎರಡನೆಯದು ಅವಸರ. ಖಿನ್ನತೆಯ ಗುಳಿಗೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ಹೊಟ್ಟೆ ತೊಳಸುವುದು, ಚಡಪಡಿಕೆ ಮಾತ್ರ ಮೊದಲ ವಾರವೇ ಬರುತ್ತವೆ. ತೊಂದರೆ ಮೊದಲು, ಗುಣ ಆಮೇಲೆ. ಇದನ್ನು ಮೊದಲೇ ತಿಳಿದವರು ತಾಳುತ್ತಾರೆ. ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು ಗುಳಿಗೆ ಶುರುಮಾಡಿದ ಮೊದಲ ವಾರಗಳಲ್ಲಿ ಹೆಚ್ಚು ಚಡಪಡಿಸಿದರೆ, ಸಾಯುವ ಮಾತಾಡಿದರೆ ಮುಂದಿನ ತಾರೀಖಿನ ತನಕ ಕಾಯದೆ ಡಾಕ್ಟರಿಗೆ ತಿಳಿಸಿ.

ಮೂರನೆಯದು ಆರಂಭದಲ್ಲೇ ಹೇಳಿದ ಮಾತು: ಆರಾಮಾದ ಮೇಲೆ ಬಿಡುವುದು. ಮೊದಲ ಸಲ ಬಂದ ಖಿನ್ನತೆಗೆ ಪೂರ್ತಿ ಆರಾಮಾದ ನಂತರವೂ ಕನಿಷ್ಠ ಆರು ತಿಂಗಳು ಮುಂದುವರಿಸುತ್ತಾರೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆ ಮೊದಲ ಸಲ ಬಂದರೂ ಒಂದೆರಡು ವರ್ಷವಾದರೂ ಬೇಕು, ಮರುಕಳಿಸಿದರೆ ಇನ್ನೂ ಹೆಚ್ಚು. ಬಿಟ್ಟ ಮಾರನೇ ದಿನವೇ ಏನೂ ಆಗುವುದಿಲ್ಲ, ಮೋಸ ಇರುವುದು ಅಲ್ಲೇ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಚೆನ್ನಾಗಿಯೇ ಇರುತ್ತಾರೆ. "ನೋಡ್ರಿ, ಬಿಟ್ರೂ ಏನಾಗಿಲ್ಲ" ಎಂದು ಮನೆಯವರು ನೆಮ್ಮದಿಯಾಗಿರುವಾಗ ಕಾಯಿಲೆ ಮರಳುತ್ತದೆ, ಆಗ ಗುಳಿಗೆ ಬಿಟ್ಟದ್ದಕ್ಕೂ ಇದಕ್ಕೂ ಯಾರೂ ನಂಟು ಹಚ್ಚುವುದಿಲ್ಲ. ಮೊದಲು ಹೋಗುವುದು ನಿದ್ದೆ. ಸತತ ಎರಡು ಮೂರು ರಾತ್ರಿ ನಿದ್ದೆ ಕೆಟ್ಟರೆ ತಾರೀಖು ನೋಡಬೇಡಿ, ಹೋಗಿ ತೋರಿಸಿ.

ಅಡ್ಡ ಪರಿಣಾಮಗಳಲ್ಲಿ ಒಂದನ್ನಂತೂ ಎಲ್ಲರೂ ತಿಳಿದಿರಬೇಕು. ಹ್ಯಾಲೊಪೆರಿಡಾಲ್‌ನಂಥ ಇಂಜೆಕ್ಷನ್ ಅಥವಾ ಗುಳಿಗೆ ಶುರುವಾದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಹುಡುಗರಿಗೆ, ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಳುವುದಿಲ್ಲ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ದೆವ್ವ ಮೈಯಲ್ಲಿ ಬಂತೆಂದು ಅರ್ಧರಾತ್ರಿ ಗುಡಿಗೆ ಹೊತ್ತೊಯ್ಯುವುದು ಇಂಥ ಹೊತ್ತಿನಲ್ಲೇ. ಹತ್ತಿರದ ಆಸ್ಪತ್ರೆಗೆ ಹೋಗಿ ಯಾವ ಗುಳಿಗೆ ಎಂದು ಚೀಟಿ ತೋರಿಸಿ. ಪ್ರೊಮೆಥಾಜಿನ್‌ನಂಥ ಒಂದು ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಆಮೇಲೆ ಗುಳಿಗೆ ಬದಲಿಸಿ ಕೊಡುತ್ತಾರೆ, ಚಿಕಿತ್ಸೆ ನಿಲ್ಲಬೇಕಿಲ್ಲ. ಓಲಾಂಜಪಿನ್ ತಗೊಳ್ಳುವವರಿಗೆ ಹಸಿವು ಹೆಚ್ಚಿ ತೂಕ ಏರುತ್ತದೆ, ಸಕ್ಕರೆ ಪರೀಕ್ಷೆ ಮಾಡಿಸುತ್ತಿರಿ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್ಪ್ರೊಯೇಟ್ ಬರೆದಿದ್ದರೆ "ಮುಂದೆ ಬಸುರಾದರೆ ಹೇಗೆ?" ಎಂದು ಮೊದಲೇ ಕೇಳಿ, ಹೊಟ್ಟೆಯಲ್ಲಿರುವ ಕೂಸಿಗೆ ಅದು ಹಾನಿ ಮಾಡಬಲ್ಲದು.

ಗುಳಿಗೆ ಒಲ್ಲೆ ಎನ್ನುವವರಿಗೆ ಕದ್ದು ರೊಟ್ಟಿ-ಪಲ್ಯದಲ್ಲಿ ಬೆರೆಸುವ ಮನೆಗಳಿವೆ. ಮನೆಯವರ ಕಷ್ಟ ತಿಳಿಯದ್ದಲ್ಲ, ಆದರೂ ಬೇಡ. ಮೊದಲೇ "ಊಟದಾಗ ಏನೋ ಹಾಕ್ತಾರ" ಎಂದು ಅನುಮಾನಪಡುವವನಿಗೆ ಒಂದು ದಿನ ನಿಜ ಗೊತ್ತಾದರೆ ಊಟವನ್ನೂ ಬಿಡುತ್ತಾನೆ, ನಿಮ್ಮನ್ನೂ. ಎರಡು-ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಡಾಕ್ಟರನ್ನು ಕೇಳಿ.

ಬಿಸಿಲು ಮತ್ತು ಲಿಥಿಯಂ

ಬೆಂಗಳೂರಿನಲ್ಲಿ ಬರೆದ ಚೀಟಿಗೆ ರಾಯಚೂರಿನ ಏಪ್ರಿಲ್ ಗೊತ್ತಿರುವುದಿಲ್ಲ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಒಳ್ಳೆಯ ಔಷಧ, ಆದರೆ ಅದರ ಪ್ರಮಾಣ ರಕ್ತದಲ್ಲಿ ಸ್ವಲ್ಪ ಏರಿದರೂ ವಿಷ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಅದು ಏರುತ್ತದೆ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಮೆಣಸಿನಕಾಯಿ ಕಣದಲ್ಲಿ ದಿನವಿಡೀ ಬೆವರಿದವರಿಗೆ, ವಾಂತಿ-ಭೇದಿ ಹಿಡಿದವರಿಗೆ, ನೀರೂ ಇಲ್ಲದೆ ಉಪವಾಸ ಇರುವವರಿಗೆ ಅಪಾಯ ಹೆಚ್ಚು. ಕೈ ಜೋರಾಗಿ ನಡುಗಿದರೆ, ನಾಲಿಗೆ ತೊದಲಿದರೆ, ನಡಿಗೆ ಓಲಾಡಿದರೆ, ವಾಂತಿ-ಭೇದಿಯಾದರೆ ಮುಂದಿನ ಗುಳಿಗೆ ಕೊಡದೆ ಆಸ್ಪತ್ರೆಗೆ ಒಯ್ಯಿರಿ. ಕುಡಿದು ಓಲಾಡುತ್ತಾನೆಂದು ಬಯ್ದು ಮಲಗಿಸಿಬಿಡುವುದೇ ಹೆಚ್ಚು.

ಮೈಕೈ ನೋವಿಗೆ ಊರಿನ ಆರ್‌ಎಂಪಿ ಡಾಕ್ಟರು ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಲಿಥಿಯಂ ಏರಿಸುತ್ತವೆ. ಬೇಕಾದರೆ ಪ್ಯಾರಾಸಿಟಮಾಲ್ ಸಾಕು. ಉಪ್ಪಿನ ಪಥ್ಯ ತಾವಾಗಿಯೇ ಶುರುಮಾಡಬಾರದು. ರಕ್ತ ಪರೀಕ್ಷೆಗೆ ಹೋಗುವಾಗ ರಾತ್ರಿಯ ಗುಳಿಗೆ ನುಂಗಿ 12 ತಾಸಿನ ನಂತರ ರಕ್ತ ಕೊಡಬೇಕು, ಬೆಳಗಿನ ಗುಳಿಗೆ ಪರೀಕ್ಷೆಯ ಬಳಿಕ. ಲಿಥಿಯಂ ಅಲ್ಲದೆ ಬೇರೆ ಮನೋರೋಗದ ಗುಳಿಗೆಗಳಲ್ಲಿಯೂ ಕೆಲವು ಬೆವರನ್ನು ತಡೆಯುತ್ತವೆ. ಮಟಮಟ ಮಧ್ಯಾಹ್ನದ ಹೊಲಗೆಲಸ ಬೇಡ, ನೀರಿನ ಬಾಟಲಿ ಜೊತೆಗಿರಲಿ.

ಹರಕೆ, ಗುಡಿ, ದರ್ಗಾ

ಹೋಗಿ ಬನ್ನಿ. ಡಾಕ್ಟರೂ ಬೇಡ ಎನ್ನುವುದಿಲ್ಲ. ಗುಳಿಗೆ ಚೀಲ ಜೊತೆಗೆ ಒಯ್ಯಿರಿ, ಅಷ್ಟೇ. ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಬರೆ ಎಳೆಯುವುದು, ಸರಪಳಿ ಕಟ್ಟುವುದು ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಎದ್ದು ಬನ್ನಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿ ದರ್ಗಾ ಬಳಿ ಮಾನಸಿಕ ರೋಗಿಗಳನ್ನಿಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ಈಗಿನ ಕಾನೂನಿನಲ್ಲಿ ಮಾನಸಿಕ ಕಾಯಿಲೆಯವರಿಗೆ ಸರಪಳಿ ಹಾಕುವಂತೆಯೇ ಇಲ್ಲ.

ಅಡ್ಮಿಟ್ ಮತ್ತು "ಕರೆಂಟು"

"ಒಳಗ ಹಾಕಿದ್ರ ಹೊರಗ ಬಿಡೂದಿಲ್ಲ" ಎಂಬ ಭಯ ಹಳೆಯದು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2017ರ ಪ್ರಕಾರ, ತಾನಾಗಿ ಸೇರಿದವರು ಕೇಳಿದರೆ ಬಿಡುಗಡೆ ಮಾಡಬೇಕು. ಅಪಾಯವಿದೆ ಎನಿಸಿದರೆ ಮರುಪರೀಕ್ಷೆಗೆಂದು 24 ತಾಸು ಮಾತ್ರ ತಡೆಯಬಹುದು. ಕಾಯಿಲೆ ಜೋರಿದ್ದು ತಾನೇ ತೀರ್ಮಾನಿಸಲು ಆಗದ ಸ್ಥಿತಿಯಲ್ಲಿ, ಆತ ನೇಮಿಸಿದ ಪ್ರತಿನಿಧಿಯ ಅಥವಾ ಆ ಜಾಗದಲ್ಲಿರುವ ಮನೆಯವರ ಅರ್ಜಿಯ ಮೇಲೆ ಸೇರಿಸಿಕೊಳ್ಳಬಹುದು. ಅದೂ ಮನೋವೈದ್ಯರೂ ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿದ ಮೇಲೆ, ಮೊದಲಿಗೆ 30 ದಿನದವರೆಗೆ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ರೈಲು ನಿಲ್ದಾಣದಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮಾನಸಿಕ ಕಾಯಿಲೆಯಿಂದ ಅಲೆಯುವವರು ಕಂಡರೆ 112ಕ್ಕೆ ತಿಳಿಸಬಹುದು. ಪೊಲೀಸರು 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿಡುವಂತಿಲ್ಲ.

"ಕರೆಂಟ್ ಕೊಡ್ತಾರ" ಎಂಬುದರ ಬಗ್ಗೆ: ತಲೆಗೆ ಸ್ವಲ್ಪ ವಿದ್ಯುತ್ ಹರಿಸುವ ಈ ಚಿಕಿತ್ಸೆಯನ್ನು (ಇಸಿಟಿ) ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟು ಮಾತ್ರ ಕೊಡಬೇಕೆಂಬುದು ಕಾನೂನು. ರೋಗಿಗೆ ನೋವಿಲ್ಲ. ಕೆಲ ದಿನಗಳ ನೆನಪು ಮಸುಕಾಗುವುದುಂಟು. ಅನ್ನ-ನೀರು ಬಿಟ್ಟು ಮಾತೂ ಇಲ್ಲದೆ ಕಲ್ಲಿನಂತೆ ಕೂತವರು, ಸಾಯುವುದೊಂದನ್ನೇ ಹಟ ಹಿಡಿದವರು ಇದರಿಂದ ಎದ್ದು ಕೂತು ಊಟ ಮಾಡುತ್ತಾರೆ. ಸಿನಿಮಾದಲ್ಲಿ ಇದನ್ನು ಶಿಕ್ಷೆಯಂತೆ ತೋರಿಸಿದವರು ಒಳ್ಳೆಯದು ಮಾಡಲಿಲ್ಲ.

ಸಾಯುವ ಮಾತು ಬಂದರೆ

"ಕೇಳಿದ್ರ ಇಲ್ಲದ್ದು ತಲ್ಯಾಗ ತುಂಬಿದಂಗ" ಎಂದು ಸುಮ್ಮನಿರಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ನೇರವಾಗಿಯೇ ಕೇಳಿ: "ಜೀವ ಬ್ಯಾಡ ಅನಿಸ್ಯದೇನು?" ಉಪದೇಶ ಬೇಡ, ಮಕ್ಕಳ ಮುಖ ನೋಡು ಎಂಬ ಮಾತೂ ಆಗ ಬೇಡ. ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಜೊತೆಯಲ್ಲೇ ಕೂತು ಫೋನ್ ಮಾಡಿ.

ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಮನೆಗಳಲ್ಲಿ ಇನ್ನೊಂದು ಕೆಲಸ ಅದೇ ದಿನ ಆಗಬೇಕು. ಬೆಳೆಗೆ ಹೊಡೆದು ಉಳಿದ ಕೀಟನಾಶಕದ ಎಣ್ಣೆ ಡಬ್ಬಿಗಳು ಮಂಚದ ಕೆಳಗೋ ಜೋಳದ ಚೀಲದ ಹಿಂದೋ ಇರುತ್ತವೆ. ಅವನ್ನು ಆ ಮನೆಯಿಂದಲೇ ಹೊರಹಾಕಿ ಬೇರೆಯವರ ಹತ್ತಿರ ಬೀಗದೊಳಗಿಡಿ. ಇಂಥ ಯತ್ನಗಳಲ್ಲಿ ಬಹಳಷ್ಟು ಆ ಗಳಿಗೆಯ ಸಿಟ್ಟು-ಸಂಕಟದಲ್ಲಿ ಆಗುವಂಥವು. ಕೈಗೆ ಸಿಗದಿದ್ದರೆ ಆ ಗಳಿಗೆ ದಾಟುತ್ತದೆ. ಗುಳಿಗೆಗಳನ್ನೂ ಮನೆಯವರೇ ಇಟ್ಟುಕೊಂಡು ದಿನದಿನದ್ದು ಕೊಡಿ. ಆಗಬಾರದ್ದು ಆದರೆ ಕೇಸಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ದಾಖಲೆಗೆ. 2017ರ ಕಾಯ್ದೆಯ 115ನೇ ಕಲಂ ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆ ಬೇಡವೆನ್ನುತ್ತದೆ. ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ.

ಮದುವೆ, ಮತ್ತು ಕಾಗದಪತ್ರ

"ಮದುವಿ ಮಾಡಿದ್ರ ಸರಿ ಹೋಗ್ತಾನ" ಎನ್ನುವ ಹಿರಿಯರಿಗೆ ನಾನು ಹೇಳುವುದು ಇಷ್ಟೇ: ಮದುವೆ ಅಂದರೆ ನಾಲ್ಕು ರಾತ್ರಿ ನಿದ್ದೆಗೇಡು, ಹೊಸ ಮನೆ, ಮುಚ್ಚಿಡಬೇಕಾದ ಗುಳಿಗೆ. ಕಾಯಿಲೆ ಮರಳಲು ಇದಕ್ಕಿಂತ ಹೆಚ್ಚೇನು ಬೇಕು? ಗಂಡಿಗೆ ಬಂದರೆ ಮದುವೆ ಮದ್ದು, ಹೆಣ್ಣಿಗೆ ಬಂದರೆ ತವರಿಗೆ ಕಳಿಸಲು ನೆಪ, ಇದೂ ನಮ್ಮಲ್ಲಿದೆ. ಗುಣಮುಖರಾಗಿ ಗುಳಿಗೆ ತಗೊಳ್ಳುತ್ತಲೇ ಸಂಸಾರ ನಡೆಸುವವರು ಎಷ್ಟೋ ಮಂದಿ. ಎದುರಿನವರಿಗೆ ಮೊದಲೇ ಹೇಳಿ ಮಾಡಿದ ಮದುವೆಯಲ್ಲಿ ಗುಳಿಗೆಯನ್ನು ಸೀರೆ ಟ್ರಂಕಿನಲ್ಲಿ ಬಚ್ಚಿಡಬೇಕಿಲ್ಲ.

ದೀರ್ಘ ಕಾಯಿಲೆಯಿಂದ ದುಡಿಯಲು ಆಗದವರಿಗೆ ಅಂಗವೈಕಲ್ಯ ಪ್ರಮಾಣಪತ್ರ ಸಿಗುತ್ತದೆ. 2016ರ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇ 40 ಅಥವಾ ಹೆಚ್ಚು ಎಂದು ವೈದ್ಯರು ಬರೆದರೆ ಮಾಸಾಶನಕ್ಕೂ ಇತರ ಸವಲತ್ತಿಗೂ ದಾರಿಯಾಗುತ್ತದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ನೆರವಾಗುತ್ತಾರೆ. ಹೋಗುವಾಗ ಆಧಾರ್, ಫೋಟೊ ಜೊತೆಗೆ ಮೊದಲ ದಿನದಿಂದ ಇವತ್ತಿನ ತನಕದ ಎಲ್ಲ ಚೀಟಿಗಳು ಬೇಕು, ಹಾಗಾಗಿ ಒಂದನ್ನೂ ಎಸೆಯದೆ ಪ್ಲಾಸ್ಟಿಕ್ ಕವರಿನಲ್ಲಿ ತಾರೀಖಿನಂತೆ ಜೋಡಿಸಿಡಿ. ಪ್ರಮಾಣಪತ್ರದ ಮೇಲೆ ಅವಧಿ ಬರೆದಿದ್ದರೆ ಮುಗಿಯುವ ಎರಡು ತಿಂಗಳ ಮೊದಲೇ ಮರು ಅರ್ಜಿ ಹಾಕಿ.